ಬಾಗಿಲು ತೆಗೆಯುವ ಮೊದಲು

ಕೂಸೇ,

ನೀವು ನಾಲ್ವರೂ ಹುಬ್ಬಳ್ಳಿ ಬಸ್ಸು ಹತ್ತಿ ಹೋದಮೇಲೆ ಅಂಗಳ ಬಿಕೋ ಅನ್ನುತ್ತಿದೆ. ನೀವು ಕಟ್ಟಿ ಬಿಟ್ಟುಹೋದ ಸೋಲಾರ್ ಡ್ರೈಯರ್ ಮಾತ್ರ ಮೈತುಂಬ ಕಪ್ಪು ಬಣ್ಣ ಬಳಿದುಕೊಂಡು ಕೊಟ್ಟಿಗೆ ಪಕ್ಕ ಕೂತಿದೆ. ನಿನ್ನಜ್ಜಿ ದಿನಕ್ಕೆರಡು ಸಲ ಅದರ ಗಾಜು ಒರೆಸುತ್ತಾಳೆ. "ಇದರ ಸೇವೆ ಮಾಡೋ ಹೊತ್ತಲ್ಲಿ ಅಂಗಳದ ಅಡಿಕೆ ಅಷ್ಟೂ ತಿರುವಿ ಹಾಕ್ತಿದ್ದೆ" ಎಂದು ಗೊಣಗುವುದೂ ತಪ್ಪಿಲ್ಲ.

ಹೊರಡುವ ಗಡಿಬಿಡಿಯಲ್ಲಿ ನೀನೊಂದು ಮಾತು ಕೇಳಿದ್ದೆ. "ಅಜ್ಜಾ, ಗೈಡ್ ಮೇಡಂ ಪ್ರಾಜೆಕ್ಟ್ ಡೈರಿ ಇಡಿ ಅಂದಿದಾರೆ. ವಾರಕ್ಕೊಂದು ಪುಟ. ಬರೀ ಏನು ಮಾಡಿದ್ವಿ ಅಂತಲ್ಲ, ರಿಫ್ಲೆಕ್ಷನ್ ಇರಬೇಕಂತೆ. ಏನು ಬರೆಯೋದು ಅದ್ರಲ್ಲಿ?" ಅಷ್ಟರಲ್ಲಿ ಬಸ್ಸು ಬಂತು. 31 ವರ್ಷ ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳಿದವನ ಬಾಯಿಗೆ ಬಂದ ಉತ್ತರ ಬಾಯಲ್ಲೇ ಉಳಿದರೆ ರಾತ್ರಿ ನಿದ್ದೆ ಹತ್ತುವುದಿಲ್ಲ. ಅದಕ್ಕೇ ಈ ಕಾಗದ.

ಆ ಡೈರಿಗಳನ್ನು ನಾನು ಎಷ್ಟು ನೋಡಿದ್ದೇನೋ. ಬಹುಪಾಲು ಸಬ್ಮಿಷನ್ನಿನ ಹಿಂದಿನ ರಾತ್ರಿ ಹಾಸ್ಟೆಲಿನಲ್ಲಿ ಹುಟ್ಟಿದವು. ಅನುಮಾನ ಬರಬಾರದೆಂದು ಮೂರು ಪೆನ್ನು, ಎರಡು ಬಣ್ಣದ ಇಂಕು. ಆದರೆ 16 ವಾರ ವರ್ಕ್‌ಶಾಪಿನಲ್ಲಿ ಓಡಾಡಿದ ಪುಸ್ತಕದ ಮೇಲೆ ಗ್ರೀಸಿನ ಒಂದು ಬೆರಳಚ್ಚೂ ಇರುತ್ತಿರಲಿಲ್ಲ, ಒಂದು ಮೂಲೆಯೂ ಮಡಚಿರುತ್ತಿರಲಿಲ್ಲ. ಒಬ್ಬ ಪುಣ್ಯಾತ್ಮನಂತೂ ಕಾವೇರಿ ಗಲಾಟೆಗೆ ಬಂದ್ ಆಗಿ ಇಡೀ ಕಾಲೇಜಿಗೆ ಬೀಗ ಬಿದ್ದಿದ್ದ ದಿನ ಲೇತ್ ಮೇಲೆ ನಾಲ್ಕು ತಾಸು ಕೆಲಸ ಮಾಡಿದ್ದಾಗಿ ಬರೆದಿದ್ದ. ಹೇಗಪ್ಪಾ ಅಂದರೆ, "ಸಾರ್, ಹಿಂದಿನ ಬಾಗಿಲಿಂದ ಬಂದಿದ್ವಿ" ಅಂದ. ನಕ್ಕು ಸಹಿ ಹಾಕಿದೆ. ಹಾಕಬಾರದಿತ್ತು. ಸುಳ್ಳು ಡೈರಿ ಬರೆಯುವುದನ್ನು ಮಕ್ಕಳಿಗೆ ಕಲಿಸಿದವರು ಸಹಿ ಹಾಕಿದ ನಮ್ಮಂಥವರೇ.

ಇನ್ನು ಆ ರಿಫ್ಲೆಕ್ಷನ್. ಅದರಲ್ಲಿ ಎಲ್ಲರದೂ ಒಂದೇ ಪಾಠ: ಈ ವಾರ ಹಲವು ಸವಾಲು ಎದುರಾದವು, ಧೃತಿಗೆಡಲಿಲ್ಲ, ಒಗ್ಗಟ್ಟಿನ ಮಹತ್ವ ಅರಿತೆವು. ಇದನ್ನು ಅಡಿಕೆ ಡ್ರೈಯರಿಗೂ ಅಂಟಿಸಬಹುದು, ಸೇತುವೆ ಮಾಡೆಲ್ಲಿಗೂ ಅಂಟಿಸಬಹುದು. ಈಗಂತೂ ಎಐಗೆ ಒಂದು ಮಾತು ಹೇಳಿದರೆ ಸಾಕು, ಸೆಮಿಸ್ಟರಿನಷ್ಟೂ ಡೈರಿ ಚಹಾ ಕುದಿಯುವುದರೊಳಗೆ ತಯಾರು ಅನ್ನುತ್ತೀರಿ. ಬರೆಸಿಕೊಳ್ಳಬಹುದು, ಯಾರು ಬೇಡ ಅಂದರು? ಆದರೆ ಮೂರು ಗಂಟೆಯಾಗುತ್ತಿದ್ದ ಹಾಗೆ ನಮ್ಮ ಕೊಟ್ಟಿಗೆಯ ನೆರಳು ನಿಮ್ಮ ಡ್ರೈಯರಿನ ಎಡಗಡೆ ಬೀಳುತ್ತದೆ ಅನ್ನುವುದು ಅದಕ್ಕೆ ಗೊತ್ತಿಲ್ಲ. ನಿಮಗೂ ಇನ್ನೂ ಗೊತ್ತಿದ್ದ ಹಾಗಿಲ್ಲ.

ನಾನು ಹೇಳಬೇಕಾದದ್ದು ಒಂದೇ. ಏನಾಯಿತು ಅಂತ ನೋಡುವ ಮುಂಚೆ, ಏನಾಗಬಹುದು ಅಂತ ಬರೆದಿಡು. ಜೊತೆಗೆ ಯಾಕೆ ಹಾಗನ್ನಿಸಿತು ಅಂತ ಒಂದು ಸಾಲು. ಉಳಿದದ್ದೆಲ್ಲ ಇದರ ಬಾಲ ಹಿಡಿದು ಬರುತ್ತದೆ.

ಹೋದ ಬುಧವಾರದ್ದನ್ನೇ ತಗೋ. ಮಧ್ಯಾಹ್ನ ಹನ್ನೆರಡೂವರೆಗೆ ಡ್ರೈಯರ್ ಒಳಗಿನ ಉಷ್ಣತೆ 85 ಡಿಗ್ರಿ ಅಂತ ನಿಮ್ಮ ಡಿಸ್‌ಪ್ಲೇಯಲ್ಲಿ ಬಂತು. ನಾಲ್ವರೂ ಕುಣಿದಿರಿ. ಫೋಟೋ ಹೊಡೆದು ವಾಟ್ಸಾಪಿಗೆ ಹಾಕಿದಿರಿ. ಜಗಲಿ ಮೇಲೆ ಕೂತಿದ್ದ ನಾನು, "ಎಷ್ಟು ಬರಬಹುದು ಅಂದ್ಕೊಂಡಿದ್ರಿ?" ಅಂತ ಕೇಳಿದೆ. ನೀನು ಅರವತ್ತು ಅಂದೆ. ಆ ಕನ್ನಡಕದ ಹುಡುಗ, "ನಂಗೆ ಮೊದಲೇ ಎಂಬತ್ತರ ಹತ್ರ ಬರುತ್ತೆ ಅನಿಸಿತ್ತು" ಅಂದ. ಅನಿಸಿತ್ತೋ ಬಿಟ್ಟಿತ್ತೋ ದೇವರಿಗೇ ಗೊತ್ತು. ಅವನು ಸುಳ್ಳ ಅಂತ ನಾನು ಹೇಳುತ್ತಿಲ್ಲ. ಉತ್ತರ ಕಂಡ ಮರುಕ್ಷಣ ನಮ್ಮ ಹಳೆಯ ಅಂದಾಜು ಅದರ ಪಕ್ಕಕ್ಕೆ ಜರುಗಿ ಕೂರುತ್ತದೆ. ಮನಸ್ಸಿನ ಜಾಯಮಾನವೇ ಅದು. ನನ್ನದೂ ಹಾಗೇ, ನಿನ್ನದೂ ಹಾಗೇ.

ಮರುದಿನ ಬೆಳಿಗ್ಗೆ ಹಾಲು ತರಲು ಹೊರಟವನು ನೋಡುತ್ತೇನೆ, ಗಾಜಿನ ಮೇಲೆ ಇಬ್ಬನಿ ಹನಿಹನಿಯಾಗಿ ಕೂತಿದೆ, ಒಳಗೆ 85! ಒಳಗೆ ಬಂದು ಅಜ್ಜಿಯ ಗೋಡೆ ಕ್ಯಾಲೆಂಡರಿನ ಮೂಲೆಯಲ್ಲಿ "6-10, ಇಬ್ಬನಿ, 85?" ಅಂತ ಗೀಚಿದೆ. ನೀವು ಎದ್ದಮೇಲೆ ಅದನ್ನು ತೋರಿಸಿದ್ದಕ್ಕೇ ಅಲ್ಲವೇ ನೀನು ಆ ಡಿಎಸ್18ಬಿ20 ಸೆನ್ಸರಿನ ಡೇಟಾಶೀಟ್ ತೆಗೆದು ಕೂತದ್ದು? ಕರೆಂಟು ಬಂದ ಕೂಡಲೇ ಅದರ ಹೊಟ್ಟೆಯಲ್ಲಿ ಮೊದಲೇ ಕೂತಿರುವ ಅಂಕಿಯೇ 85. ನಿಜವಾದ ಉಷ್ಣತೆ ಅಳೆಯಲು ಅದಕ್ಕೆ ಮುಕ್ಕಾಲು ಸೆಕೆಂಡಿನವರೆಗೆ ಪುರುಸೊತ್ತು ಬೇಕು. ಅಷ್ಟರೊಳಗೆ ಕೇಳಿದರೆ, ಅಥವಾ ವೈರು ಸಡಿಲಾಗಿ ನಡುವೆ ಕರೆಂಟು ತಪ್ಪಿ ಮತ್ತೆ ಬಂದರೆ, 85 ಅಂತ ಹೇಳಿ ಸುಮ್ಮನಾಗುತ್ತದೆ. ವೈರನ್ನು ಒತ್ತಿ ಬೆಸುಗೆ ಹಾಕಿದಿರಿ, ಮಧ್ಯಾಹ್ನದ ಉರಿಬಿಸಿಲಿಗೆ ಬಂದದ್ದು 58.

ಬೆಳಿಗ್ಗೆ ಆ ವೈರು ಅಲುಗದೇ ಹೋಗಿದ್ದರೆ? ಮಧ್ಯಾಹ್ನದ 85 ನಿಮ್ಮ ರಿಪೋರ್ಟಿನಲ್ಲಿ ಗರಿಷ್ಠ ಉಷ್ಣತೆಯಾಗಿ ದಪ್ಪ ಅಕ್ಷರದಲ್ಲಿ ಕೂರುತ್ತಿತ್ತು. ಆದರೆ ಡಿಸ್‌ಪ್ಲೇ ನೋಡುವ ಮುಂಚೆ ಯಾರಾದರೂ "12-30, ಬಿಸಿಲು ಚೆನ್ನಾಗಿದೆ, 60 ಬರಬಹುದು, ನಿನ್ನೆ ಅರೆಮೋಡದಲ್ಲೂ 52 ಬಂದಿತ್ತು" ಅಂತ ಬರೆದಿದ್ದರೆ, ಆ 85 ಅಲ್ಲಿಗಲ್ಲಿಗೇ ಕಾಲಿಗೆ ಚುಚ್ಚಿದ ಮುಳ್ಳಾಗುತ್ತಿತ್ತು. ಅಂದಾಜಿಗೂ ಬಂದದ್ದಕ್ಕೂ 25 ಡಿಗ್ರಿ ಅಂತರ. ಆ ಅಂತರದಲ್ಲಿ ಕೂತು ತಲೆ ಕೆರೆದುಕೊಳ್ಳುವುದಿದೆಯಲ್ಲ, ನಿಮ್ಮ ಮೇಡಂ ಕೇಳಿದ ರಿಫ್ಲೆಕ್ಷನ್ ಅದು. ಒಗ್ಗಟ್ಟಿನ ಮಹತ್ವ ಅಲ್ಲ.

ಈ ಬುದ್ಧಿ ನನಗೆ ಹುಟ್ಟಿನಿಂದ ಬಂದದ್ದಲ್ಲ. 1977ರಲ್ಲಿ ಡಿಪ್ಲೊಮಾ ಕೊನೆಯ ವರ್ಷ ನಾನೂ ಇನ್ನೊಬ್ಬನೂ ಸೇರಿ ಹೈಡ್ರಾಲಿಕ್ ರ‍್ಯಾಮ್ ಮಾಡಿದ್ದೆವು. ನೀನು ನೋಡಿರಲಿಕ್ಕಿಲ್ಲ. ಕರೆಂಟೂ ಬೇಡ, ಡೀಸೆಲ್ಲೂ ಬೇಡ. ಹಳ್ಳದ ನೀರು ಪೈಪಿನಲ್ಲಿ ಇಳಿದು ಒಂದು ವಾಲ್ವಿನಿಂದ ಹೊರಗೆ ಚೆಲ್ಲುತ್ತಿರುತ್ತದೆ. ವೇಗ ಏರಿದಾಗ ಆ ವಾಲ್ವು ಟಕ್ ಅಂತ ತಾನೇ ಮುಚ್ಚಿಕೊಳ್ಳುತ್ತದೆ. ಓಡುತ್ತಿದ್ದ ನೀರು ಗಕ್ಕನೆ ನಿಂತ ಒತ್ತಡಕ್ಕೆ ಒಂದು ಪಾಲು ನೀರು ಮೇಲಿನ ತೋಟಕ್ಕೆ ಏರುತ್ತದೆ. ಒತ್ತಡ ಇಳಿದು ವಾಲ್ವು ತೆರೆದುಕೊಳ್ಳುತ್ತದೆ, ಮತ್ತೆ ಟಕ್. ಹಗಲು ರಾತ್ರಿ ಅದೇ ತಾಳ. ಅದರ ಗುಟ್ಟೆಲ್ಲ ಆ ವಾಲ್ವಿನ ಭಾರದಲ್ಲಿ, ಅದು ಎಷ್ಟು ಮೇಲೆ ಕೆಳಗೆ ಆಡುತ್ತದೆ ಅನ್ನುವುದರಲ್ಲಿ. ನಾವು ಕಬ್ಬಿಣದ ವಾಷರು ಏರಿಸಿ ಇಳಿಸಿ ಹದ ನೋಡುತ್ತಿದ್ದೆವು.

ಒಂದು ಭಾನುವಾರ ಸಂಜೆ ಅದಕ್ಕೆ ಏನಾಯಿತೋ, ನೀರು ಎಂದೂ ಇಲ್ಲದ ಹಾಗೆ ಏರಿತು. ಮೇಲೆ ಇಟ್ಟಿದ್ದ ಕೊಡ ತುಂಬಿ ಹರಿಯುವುದನ್ನು ನೋಡಲು ಅಕ್ಕಪಕ್ಕದವರೆಲ್ಲ ಬಂದರು. ಅವತ್ತು ರಾತ್ರಿ ಚಿಮಣಿ ಬುಡ್ಡಿ ಬೆಳಕಲ್ಲಿ ನಾನು ಪುಸ್ತಕದಲ್ಲಿ ಬರೆದದ್ದು ಎರಡೇ ಶಬ್ದ: "ಚೆನ್ನಾಗಿ ಬಂತು." ವಾಷರು ಎಷ್ಟಿದ್ದವು, ನಿಮಿಷಕ್ಕೆ ಎಷ್ಟು ಬಡಿತ, ವಾಲ್ವು ಎಷ್ಟು ಆಡುತ್ತಿತ್ತು, ಹಳ್ಳದ ನೀರು ಎಲ್ಲಿಯವರೆಗಿತ್ತು, ಒಂದೂ ಇಲ್ಲ. ಹೇಗೂ ಎದುರಿಗೇ ಇದೆಯಲ್ಲ ಅನ್ನುವ ಧೈರ್ಯ. ಪರೀಕ್ಷಕರು ಬರುತ್ತಾರೆಂದು ಮುಂದಿನ ವಾರ ಎಲ್ಲ ಬಿಚ್ಚಿ ಬಣ್ಣ ಹೊಡೆದು ಮತ್ತೆ ಜೋಡಿಸಿದೆವು. ಆಮೇಲೆ ಅದು ಆ ಹದಕ್ಕೆ ಮತ್ತೆ ಬರಲೇ ಇಲ್ಲ. ಹನ್ನೊಂದು ದಿನ ಹಳ್ಳದಲ್ಲಿ ಮೊಣಕಾಲುದ್ದ ನೀರಲ್ಲಿ ನಿಂತು ವಾಷರು ಏರಿಸಿದ್ದೂ ಇಳಿಸಿದ್ದೂ ಅಷ್ಟೇ. ವೈವಾ ದಿನ ಅದರ ಅರ್ಧವೂ ಏರಲಿಲ್ಲ. "ಅವತ್ತು ತುಂಬಾ ಚೆನ್ನಾಗಿ ಬಂದಿತ್ತು ಸಾರ್" ಅಂದೆ. ಪರೀಕ್ಷಕರು ಕೊಡವನ್ನು ನೋಡಿದರು, ನನ್ನನ್ನು ನೋಡಿದರು, ಏನೂ ಹೇಳಲಿಲ್ಲ. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

ಆಮೇಲೆ ನನಗೆ ದಾರಿ ತೋರಿಸಿದ್ದು ಕಾಲೇಜಲ್ಲ, ನಮ್ಮಪ್ಪ. ಅವನು ಶಿರಸಿ ಪೇಟೆಯಲ್ಲಿ ಒಂದು ಅಡಿಕೆ ಮಂಡಿಯ ಗುಮಾಸ್ತನಾಗಿದ್ದ. ಅಲ್ಲಿ ಎರಡು ಪುಸ್ತಕ, ಕಿರ್ದಿ ಮತ್ತು ಖಾತೆ. ಯಾರು ಎಷ್ಟು ಹೊತ್ತಿಗೆ ಎಷ್ಟು ಚೀಲ ತಂದರು, ಎಷ್ಟು ಮುಂಗಡ ಒಯ್ದರು ಅನ್ನುವುದು ನಡೆದ ಕ್ರಮದಲ್ಲೇ ಕಿರ್ದಿಗೆ ಬೀಳಬೇಕು. ಸಂಜೆ ಮೇಲೆ ಅದನ್ನು ಆಯಾ ಬೆಳೆಗಾರನ ಹೆಸರಿನಡಿ ವಿಂಗಡಿಸಿದರೆ ಅದು ಖಾತೆ. ಖಾತೆ ಚೆಂದ, ಓದಲು ಸಲೀಸು. ಆದರೆ ತಕರಾರು ಬಂದಾಗ ಸಾಹುಕಾರರು ಕೂಗುತ್ತಿದ್ದದ್ದು "ಕಿರ್ದಿ ತೆಗಿ" ಅಂತ. ಅದರಲ್ಲಿ ಕೆರೆದು ಅಳಿಸುವ ಹಾಗಿಲ್ಲ. ತಪ್ಪಾದರೆ ಹಳೆಯದು ಕಾಣುವ ಹಾಗೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದು. (ಅದಕ್ಕೂ ಹಿಂದಿನವರು ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು, ಮಡಚಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಅದೇ ಕಡತ. ಶೃಂಗೇರಿ ಮಠದಲ್ಲಿ ಅಂಥವು ರಾಶಿ ಇವೆ. ಈಗ ಆ ಹೆಸರು ಸರ್ಕಾರಿ ಕಚೇರಿಯ ಫೈಲಿಗೆ ಅಂಟಿಕೊಂಡಿದೆ, ಪಾಪ.) ನೀವು ಕೊನೆಗೆ ಬೈಂಡ್ ಮಾಡಿಸಿ ಕೊಡುವ ರಿಪೋರ್ಟು ಖಾತೆ. ನಾನು ಹೇಳುತ್ತಿರುವುದು ಕಿರ್ದಿಯ ವಿಷಯ.

ಬೈಂಡಿಂಗ್ ಅಂದಾಗ ಫ್ಯಾರಡೆ ನೆನಪಾಗುತ್ತಾನೆ. ಲಂಡನ್ನಿನಲ್ಲಿ ಪುಸ್ತಕ ಬೈಂಡ್ ಮಾಡುವವನ ಕೈಕೆಳಗೆ ಕೆಲಸ ಕಲಿಯುತ್ತಿದ್ದ ಹುಡುಗ ಅವನು. 1812ರಲ್ಲಿ ಹಂಫ್ರಿ ಡೇವಿಯ ಉಪನ್ಯಾಸ ಕೇಳಿ, ಟಿಪ್ಪಣಿ ಬರೆದು, ತಾನೇ ಬೈಂಡ್ ಮಾಡಿ ಡೇವಿಗೆ ಕಳಿಸಿದ. ಮರುವರ್ಷ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಕೆಲಸ ಸಿಕ್ಕಿತು. 1820ರಿಂದ 1862ರವರೆಗೆ ಅವನು ಪ್ರಯೋಗದ ಡೈರಿ ಇಟ್ಟ. 1832ರಲ್ಲಿ ಪ್ಯಾರಾಗಳಿಗೆ ಅಂಕಿ ಹಾಕಲು ಶುರು ಮಾಡಿದವನು ನಿಲ್ಲಿಸಿದ್ದು 16041ಕ್ಕೆ. ತನ್ನ ನೆನಪಿನ ಶಕ್ತಿ ಕೈಕೊಡುತ್ತದೆ ಅಂತ ಒದ್ದಾಡುತ್ತಿದ್ದ ಮನುಷ್ಯ ಅವನು, ಆ ಅಂಕಿಗಳೇ ಅವನಿಗೆ ಊರುಗೋಲು. ನನಗೆ ಇನ್ನೂ ಇಷ್ಟವಾಗುವುದು ಬೇರೆ ಸಂಗತಿ. ಗುರುತ್ವಕ್ಕೂ ವಿದ್ಯುತ್ತಿಗೂ ಏನಾದರೂ ನಂಟಿರಲೇಬೇಕು ಅಂತ 1849ರಲ್ಲಿ ಅವನು ವಸ್ತುಗಳನ್ನು ಮೇಲಿಂದ ಬೀಳಿಸಿ ಬೀಳಿಸಿ ನೋಡಿದ. ಏನೂ ಸಿಗಲಿಲ್ಲ. ಸಿಗಲಿಲ್ಲ ಅನ್ನುವುದನ್ನೂ ಸಿಕ್ಕಿದ್ದನ್ನು ಬರೆಯುವಷ್ಟೇ ಶ್ರದ್ಧೆಯಿಂದ ಬರೆದಿಟ್ಟ.

"ಸೋತದ್ದು ಬರೆದ್ರೆ ಮಾರ್ಕ್ಸ್ ಕಡಿಮೆ ಆಗಲ್ವಾ ಅಜ್ಜಾ?" ಅನ್ನುತ್ತೀಯ, ಗೊತ್ತು. ಹೊರಗಿನ ಪರೀಕ್ಷಕನಾಗಿ ನಾನೂ ಬೇಕಾದಷ್ಟು ಕಾಲೇಜು ಸುತ್ತಿದ್ದೇನೆ. "ಈ ಪೈಪು ಯಾಕೆ ಒಂದಿಂಚಿಂದು ತಗೊಂಡ್ರಿ, ಎರಡಿಂಚಿಂದು ಯಾಕಲ್ಲ?" ಅಂತ ಕೇಳಿದಾಗ ಫ್ಯಾನು ನೋಡುತ್ತ ನಿಲ್ಲುವವರು ಬಹಳ. ಎಲ್ಲೋ ಒಬ್ಬಳು, "ಎರಡಿಂಚಿಂದೇ ಹಾಕಿದ್ವಿ ಸಾರ್, ಗಾಳಿ ಒಳಗೆ ನಿಲ್ಲದೆ ಹೊರಟುಹೋಗ್ತಿತ್ತು, ನೋಡಿ" ಅಂತ ಜಿಡ್ಡು ಹಿಡಿದ ಪುಟ ತೆಗೆದು ತೋರಿಸುತ್ತಾಳೆ. ಅಂಥವಳಿಗೆ ಮಾರ್ಕು ಕತ್ತರಿಸಿದ ಪರೀಕ್ಷಕನನ್ನು ನಾನಂತೂ ಕಂಡಿಲ್ಲ.

ಕೆಲವು ಸಣ್ಣಪುಟ್ಟ ಸಂಗತಿ ಬೇಗ ಹೇಳಿಬಿಡುತ್ತೇನೆ. ಹೊಲಿದ ಪುಸ್ತಕ ತಗೋ, ಸ್ಪೈರಲ್ ಬೇಡ, ಅದರ ಹಾಳೆ ಕಿತ್ತರೆ ಗೊತ್ತಾಗುವುದಿಲ್ಲ. ಪುಟಕ್ಕೆ ಅಂಕಿ ಹಾಕು. ಬಲಗಡೆ ಪುಟದಲ್ಲಿ ಮಾತ್ರ ಬರಿ, ಎಡಗಡೆಯದನ್ನು ಖಾಲಿ ಬಿಡು. ಹದಿನೈದು ದಿನಕ್ಕೊಮ್ಮೆ ಹಿಂದಿನದನ್ನು ಓದುತ್ತ ಕೂತಾಗ ಹೊಳೆಯುವುದೆಲ್ಲ ಆ ಎಡಗಡೆಗೆ, ಪೆನ್ಸಿಲ್ಲಿನಲ್ಲಿ, ಓದಿದ ತಾರೀಖಿನ ಜೊತೆ. ಮೊಬೈಲ್ ಫೋಟೋ ತೆಗೆದರೆ ಯಾವುದರದ್ದು, ಎಷ್ಟು ಹೊತ್ತಿಗೆ ಅಂತ ಒಂದು ಸಾಲು ಇರಲಿ. ನಿಮ್ಮ ಕೋಡಿಗೆ ಗಿಟ್ ಇದೆ, ಏನು ಬದಲಾಯಿತು ಅಂತ ಅದು ಹೇಳುತ್ತದೆ ಅನ್ನುತ್ತಾನೆ ಆ ಕನ್ನಡಕದ ಹುಡುಗ. ಹೇಳಲಿ. ರಾತ್ರಿ ಹನ್ನೊಂದೂವರೆಗೆ ಯಾವ ಸಿಟ್ಟಿನಲ್ಲಿ ಬದಲಾಯಿಸಿದೆ ಅನ್ನುವುದು ನೀನು ಬರೆದರೆ ಮಾತ್ರ ಗೊತ್ತಾಗುತ್ತದೆ. ನಗಬೇಡ. ಹಸಿವಾದಾಗ, ಬಸ್ಸಿಗೆ ಹೊತ್ತಾದಾಗ ತಗೊಂಡ ತೀರ್ಮಾನಗಳೇ ಮುಂದೆ ಮೂರು ವಾರ ತಿನ್ನುವುದು.

ಏನೂ ಆಗದ ದಿನವನ್ನೂ ಬಿಡಬೇಡ. "ಇವತ್ತು ಕೆಲಸ ಇಲ್ಲ, ವೆಲ್ಡಿಂಗ್ ಅಂಗಡಿ ಬಾಗಿಲು ಹಾಕಿತ್ತು" ಅಂತ ಒಂದು ಸಾಲು ಸಾಕು. ಕೊನೆಗೆ ಅಂಥ ಸಾಲುಗಳನ್ನು ಎಣಿಸಿ ನೋಡು. ನಿಮ್ಮ ಹೊತ್ತು ಓದಿನಲ್ಲಿ, ಕೋಡಿನಲ್ಲಿ ಹೋಯಿತು ಅಂದುಕೊಂಡಿರುತ್ತೀರಿ. ಅದರಲ್ಲಿ ಬಹಳಷ್ಟನ್ನು ವೆಲ್ಡಿಂಗ್ ಅಂಗಡಿಯ ಬೆಂಚು ತಿಂದಿರುತ್ತದೆ. ಮುಂದೆ ಕೆಲಸಕ್ಕೆ ಸೇರಿ "ಎಷ್ಟು ದಿನ ಬೇಕು?" ಅಂತ ಯಾರಾದರೂ ಕೇಳಿದಾಗ ಆ ಬೆಂಚು ನೆನಪಿರಬೇಕು.

ನಾಲ್ವರಿದ್ದೀರಿ, ಅದರದ್ದೊಂದು ಫಜೀತಿ ಇದೆ. ಯಾರು ಏನು ಮಾಡಿದರು ಅನ್ನುವುದು ಜಗಳವಾಗುವುದು ಕೊನೆಯ ತಿಂಗಳಲ್ಲಿ. ಪುಸ್ತಕವನ್ನು ಗೆಳೆಯರ ಮೇಲಿನ ಚಾಡಿಗೆ ಬಳಸಬೇಡ. "ಅವನು ಸೋಮಾರಿ" ಅಂತ ಬರೆದರೆ ಅದು ನಿನ್ನ ಸಿಟ್ಟು. "ಸೋಮವಾರ ತರಬೇಕಿದ್ದ ಗಾಜು ಗುರುವಾರ ಬಂತು" ಅಂತ ಬರೆದರೆ ಅದು ನಡೆದದ್ದು, ಅವನೂ ಒಪ್ಪುತ್ತಾನೆ. ನಮ್ಮ ಬೆಂಗಳೂರಿಗೆ 1933ರಲ್ಲಿ ಬಂದು ಕೊನೆತನಕ ಅಲ್ಲೇ ಉಳಿದ ಸಿ.ವಿ. ರಾಮನ್ನರ ಕತೆ ಗೊತ್ತಲ್ಲ. ಅವರ ಶೋಧ ಆದದ್ದು 1928ರ ಫೆಬ್ರವರಿಯಲ್ಲಿ, ಕಲ್ಕತ್ತೆಯಲ್ಲಿ. ಆ ದಿನಗಳಲ್ಲಿ ಜೊತೆಗಿದ್ದ ಕೆ.ಎಸ್. ಕೃಷ್ಣನ್ ಡೈರಿ ಇಟ್ಟಿದ್ದರು. ಯಾವ ದಿನ ಏನು ನೋಡಿದರು, ಪ್ರೊಫೆಸರು ಬಂದು ಏನು ಹೇಳಿದರು ಅನ್ನುವುದು ಅದರಲ್ಲಿ ಆಯಾ ದಿನವೇ ದಾಖಲಾಗಿದೆ. ಇಬ್ಬರಲ್ಲಿ ಯಾರ ಪಾಲು ಎಷ್ಟು ಅನ್ನುವ ಚರ್ಚೆ ಎದ್ದಾಗೆಲ್ಲ ಜನ ತೆಗೆದು ನೋಡುವುದು ಆ ಕೆಲವು ಪುಟಗಳನ್ನೇ.

ಇನ್ನು ನಿಮ್ಮ ಕಣ್ಣಿಗೆ ಬೀಳದ ಒಂದು ಸೆನ್ಸರ್ ನಮ್ಮನೆಯಲ್ಲಿದೆ. ಚಾಲಿ ಅಡಿಕೆ ಒಣಗಲು ಅಂಗಳದಲ್ಲಿ ನಲವತ್ತು ದಿನದ ಮೇಲೆ ಬೇಕು, ಅದನ್ನು ಅರ್ಧಕ್ಕಿಳಿಸುವುದು ನಿಮ್ಮ ಗುರಿ. ಮೊನ್ನೆ ನೀವು ಇಪ್ಪತ್ತು ಅಡಿಕೆ ತೂಗಿ, ಲ್ಯಾಬಿನ ಓವನ್ನಿಗೆ ಹಾಕಲೆಂದು ಡಬ್ಬಿಗೆ ತುಂಬುತ್ತಿದ್ದಿರಿ. ಅಜ್ಜಿ ಒಂದು ಅಡಿಕೆ ಎತ್ತಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದಳು. "ಇನ್ನೂ ಆಗಲಿಲ್ಲ, ಒಳಗೆ ಅಂಟಿದೆ" ಅಂದು ಹೋದಳು. ನೀವು ನಕ್ಕಿರಿ, ಬರೆದುಕೊಳ್ಳಲಿಲ್ಲ. ಒಣಗಿದ ಅಡಿಕೆ ಸಿಪ್ಪೆಯೊಳಗೆ ಕಡಕಡ ಅನ್ನುತ್ತದೆ, ಹಸಿ ಇದ್ದದ್ದು ಅನ್ನುವುದಿಲ್ಲ. ಐವತ್ತು ವರ್ಷದ ಕಿವಿ ಅದು. ತಾರೀಖು ಹಾಕಿ "ಅಜ್ಜಿ: ಆಗಲಿಲ್ಲ" ಅಂತ ಬರೆದು, ಓವನ್ನಿನ ಲೆಕ್ಕ ಬಂದಮೇಲೆ ಪಕ್ಕದಲ್ಲಿಟ್ಟು ನೋಡಿ. ಅವಳ ಕಿವಿ ಎಷ್ಟು ತೇವಾಂಶಕ್ಕೆ ಹೂಂ ಅನ್ನುತ್ತದೆ ಅನ್ನುವುದು ಒಂದು ಅಂಕಿಯಾಗಿ ಸಿಕ್ಕರೆ ನಿಮ್ಮ ರಿಪೋರ್ಟಿನಲ್ಲಿ ಅದಕ್ಕಿಂತ ಒಳ್ಳೆಯ ಪುಟ ಇರಲಿಕ್ಕಿಲ್ಲ.

ಅಂದಹಾಗೆ, ಆ ಗೋಡೆ ಕ್ಯಾಲೆಂಡರನ್ನು ಒಮ್ಮೆ ತಿರುವಿ ನೋಡು. ಹಾಲಿನ ಲೆಕ್ಕ, ಎಮ್ಮೆಗೆ ಸೂಜಿ ಹಾಕಿಸಿದ್ದು, ಅಡಿಕೆ ಕೊಯ್ಯುವ ಕೊನೆಗೌಡ ಬಂದದ್ದು ಎಲ್ಲ ಅದರಲ್ಲಿದೆ. ಗ್ಯಾಸ್ ಸಿಲಿಂಡರ್ ಹಚ್ಚಿದ ದಿನಕ್ಕೊಂದು ಸುತ್ತು, ಮುಗಿಯಬಹುದು ಅಂತ ಅವಳಿಗೆ ಅನಿಸಿದ ದಿನಕ್ಕೊಂದು ಚುಕ್ಕೆ. ಮೊದಲೇ ಮುಗಿದರೆ, "ಮಕ್ಕಳು ಬಂದಿದ್ದರು" ಅಂತ ಕೆಳಗೆ ಚಿಕ್ಕ ಅಕ್ಷರ. ಅವಳಿಗೆ ಇದನ್ನು ಯಾವ ಮೇಡಮ್ಮೂ ಹೇಳಿಕೊಟ್ಟಿಲ್ಲ.

ಪೇಟೆಯಿಂದ ಇನ್ನೂರು ಪುಟದ ಹೊಲಿದ ಪುಸ್ತಕ ತಂದಿಟ್ಟಿದ್ದೇನೆ. ಶನಿವಾರ ನೀವು ಬರುವವರೆಗೆ ಡ್ರೈಯರಿನ ಬಾಗಿಲು ಯಾರೂ ತೆಗೆಯುವ ಹಾಗಿಲ್ಲ ಅಂತ ಅಜ್ಜಿಗೂ ಹೇಳಿದ್ದೇನೆ. ಬಂದವರು ಕೈಕಾಲು ತೊಳೆದು, ಚಹಾ ಕುಡಿದು, ಮೊದಲ ತಟ್ಟೆಯ ಅಡಿಕೆ ಎಷ್ಟು ತೂಕ ಇಳಿದಿರಬಹುದು ಅಂತ ನಾಲ್ವರೂ ಬೇರೆ ಬೇರೆ ಬರೆಯಿರಿ, ಒಬ್ಬರದನ್ನೊಬ್ಬರು ನೋಡದೆ. ನನ್ನ ಅಂದಾಜು ಬರೆದು ಮಡಚಿ ಅಕ್ಕಿ ಡಬ್ಬದ ಮೇಲೆ ಇಟ್ಟಾಗಿದೆ. ಅಜ್ಜಿ ಬರೆಯುವುದಿಲ್ಲವಂತೆ. ಬಾಗಿಲು ತೆಗೆದಮೇಲೆ ಒಂದು ಅಡಿಕೆ ಕೈಗೆ ಕೊಟ್ಟರೆ ಸಾಕಂತೆ.

ನಿನ್ನ ಅಜ್ಜ